ಲೈಬ್ರರಿಯ ಮಾಡಿಗೆ ಒಂದು ತೂತು ಬಿಡಿ

ನಮ್ಮ ಕಾಸರಗೋಡಿನ ಹೊಸ ಲೈಬ್ರರಿಗೆ ದೊಡ್ಡ ಡಿಜಿಟಲ್ ಗಡಿಯಾರ ಬರುತ್ತದಂತೆ. ಬರಲಿ. ನನ್ನ ಬೇಡಿಕೆ ಒಂದೇ, ಸ್ಲ್ಯಾಬ್ ಹಾಕುವಾಗ ಒಂದು ಸಣ್ಣ ತೂತು ಬಿಡಿ. ಅದೂ ಗಡಿಯಾರವೇ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಹಂಚು ಒಡೆದಲ್ಲಿಂದ ಬಿಸಿಲಕೋಲು ಇಳಿಯುತ್ತಿತ್ತು, ತೂತು ಎಷ್ಟೇ ಸೊಟ್ಟ ಇರಲಿ ನೆಲದಲ್ಲಿ ಬೆಳಕು ಮಾತ್ರ ದುಂಡಗೆ, ಯಾಕೆಂದರೆ ಅದು ಸೂರ್ಯನದೇ ಚಿತ್ರ. ಇಟಲಿಯ ಬೊಲೋನ್ಯಾದ ಸಾನ್ ಪೆಟ್ರೋನಿಯೋ ಚರ್ಚಿನಲ್ಲಿ 1655ರಲ್ಲಿ ಖಗೋಳ ವಿಜ್ಞಾನಿ ಕಸ್ಸಿನಿ ಮಾಡಿದ್ದೂ ಇದನ್ನೇ. ಸುಮಾರು 27 ಮೀಟರ್ ಎತ್ತರದಲ್ಲಿ ತೂತು, ನೆಲದಲ್ಲಿ ಸುಮಾರು 67 ಮೀಟರ್ ಉದ್ದದ ತೆಂಕು-ಬಡಗು ಗೆರೆ. ಬೆಳಕು ಗೆರೆಗೆ ಬಂದಾಗ ನಡುಹಗಲು.

ಅಂಗಳದಲ್ಲಿ ರೆಡಿಮೇಡ್ ನೆರಳು ಗಡಿಯಾರ ಸಾಕಲ್ವಾ ಅಂತ ಒಬ್ಬರು ಕೇಳಿದರು. ಸಾಕಾಗುವುದಿಲ್ಲ. ಹಾಗೆ ತಂದು ಕೂರಿಸಿದ್ದನ್ನು ಒಂದು ಕಡೆ ನೋಡಿದ್ದೇನೆ, ಮುಳ್ಳಿನ ಓರೆ 45 ಡಿಗ್ರಿ ಇತ್ತು. ಓರೆ ಊರಿನ ಅಕ್ಷಾಂಶದಷ್ಟೇ ಇರಬೇಕು, ಕಾಸರಗೋಡಿಗೆ ಬೇಕಾದ್ದು 12.5. ಮಕ್ಕಳು ಅದಕ್ಕೆ ಬ್ಯಾಗು ನೇತುಹಾಕುತ್ತಿದ್ದರು.

ನಮ್ಮಲ್ಲಿ ಏಪ್ರಿಲ್ 23 ಮತ್ತು ಆಗಸ್ಟ್ 20ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನಡುವಿನ ದಿನಗಳಲ್ಲಿ ಬಡಗಿಗೆ ವಾಲಿರುತ್ತಾನೆ. ಅದಕ್ಕೇ ತೆಂಕಿನ ಕಿಟಕಿ ನಂಬಿ ಕೂರುವ ಹಾಗಿಲ್ಲ, ಮಾಡಿಗೇ ತೂತು ಬೇಕು. 5 ಮೀಟರ್ ಎತ್ತರ ಇದ್ದರೆ ಡಿಸೆಂಬರಿನಲ್ಲಿ ಬೆಳಕು ತೂತಿನ ನೇರದಿಂದ ಬಡಗಿಗೆ 3.6 ಮೀಟರ್, ಜೂನಿನಲ್ಲಿ ತೆಂಕಿಗೆ ಒಂದು ಮೀಟರ್ ಬೀಳುತ್ತದೆ. ಜೂನಿನಲ್ಲಿ ಬಿಸಿಲೆಲ್ಲಿದೆ ಅಂತ ಕೇಳಬೇಡಿ, ಮಳೆಗಾಲದಲ್ಲಿ ಇದಕ್ಕೆ ರಜೆ. ಮೇಲೆ ಗಾಜು ಕೂರಿಸಿ ಗಟ್ಟಿಯಾಗಿ ಸೀಲ್ ಮಾಡದಿದ್ದರೆ ಪುಸ್ತಕಗಳಿಗೂ ರಜೆ.

ಗೆರೆಯ ಮೇಲೆ ಏಪ್ರಿಲ್ ನಡುವಿನ ಬಿಸು ಹಬ್ಬ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ, ಇವುಗಳ ಗುರುತು ಹಾಕಬಹುದು. ಪತ್ತನಾಜೆಯ ಗುರುತಿಗೇ ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳಲ್ಲಿ ಬೆಳಕು ತಿರುಗಿ ಬರುತ್ತದೆ, ಮೋಡ ಬಿಟ್ಟರೆ. (ಬರೆಯುವಾಗ ಮಲಯಾಳದ ಜೊತೆ ಕನ್ನಡವನ್ನೂ ಬರೆಯಿರಿ, ಆಮೇಲೆ ಅರ್ಜಿ ಹಿಡಿದು ಅಲೆಯುವ ಕೆಲಸ ಬೇಡ.)

ದೂರು ಖಂಡಿತ ಬರುತ್ತದೆ, 12 ಗಂಟೆಗೆ ಬೆಳಕು ಗೆರೆಗೆ ಬರುವುದಿಲ್ಲ ಅಂತ. ವಾಚಿನ ಹೊತ್ತು 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರಲ್ಲಿ, ಅಲ್ಲಿಗೆ ಅರ್ಧ ಗಂಟೆ ತಡ. ಅದೂ ವರ್ಷವಿಡೀ ಒಂದೇ ಸಮ ಅಲ್ಲ. ನವೆಂಬರ್ ಶುರುವಿನಲ್ಲಿ 12.14ಕ್ಕೇ ಬರುವ ಬೆಳಕು ಫೆಬ್ರವರಿ ನಡುವಿಗೆ 12.44 ಮಾಡುತ್ತದೆ. ಇದನ್ನು ತಪ್ಪು ಅನ್ನುವವರಿದ್ದಾರೆ. ನನಗಂತೂ ಇದನ್ನು ನೋಡಲಿಕ್ಕೇ ಆ ತೂತು ಬೇಕು.

ಗೆರೆ ಎಳೆಯುವಾಗ ದಿಕ್ಸೂಚಿ ನಂಬಬೇಡಿ, ಸ್ಲ್ಯಾಬಿನ ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ. ತೂತಿನಿಂದ ತೂಗುಗುಂಡು ಇಳಿಸಿ, ಆ ದಿನದ ನಡುಹಗಲಿನ ನಿಮಿಷಕ್ಕೆ ಬೆಳಕಿನ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಎರಡನ್ನೂ ಸೇರಿಸಿದರೆ ಆಯಿತು. ಡಿಸೆಂಬರಿನಲ್ಲಿ ಮಾಡಿದರೆ ಒಳ್ಳೆಯದು, ಗೆರೆ ಉದ್ದ ಸಿಗುತ್ತದೆ. ಮತ್ತೆ ದಯವಿಟ್ಟು ಅದರ ಮೇಲೆ ಕಪಾಟು ಇಡಬೇಡಿ.