ಚಡ್ಡಿ ಹೋಯಿತು, ಚಡ್ಡಿ ಬಂತು

ಕಂಪ್ಯೂಟರ್ ಹ್ಯಾಂಗ್ ಆದರೆ ಏನು ಮಾಡುತ್ತೀರಿ? ಆಫ್ ಮಾಡಿ ಆನ್ ಮಾಡುತ್ತೀರಿ. ಅಮೆರಿಕದ ಕಾಮಿಕ್ಸ್ ಕಂಪನಿಗಳು ಮಾಡುವುದೂ ಅದನ್ನೇ: ಹಳೇ ಕಥೆ ಅಳಿಸಿ ಮೊದಲಿನಿಂದ ಶುರು ಮಾಡುತ್ತವೆ. ಅದಕ್ಕೆ ರೀಬೂಟ್ ಅಂತ ಹೆಸರು. ಆದರೆ ನಾವು ಆನ್ ಮಾಡಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಅವರಿಗೆ ಕೊಡುತ್ತಾರೆ.

2011ರ ಸೆಪ್ಟೆಂಬರ್‌ನಲ್ಲಿ ಡಿಸಿ ಕಾಮಿಕ್ಸ್ ಹಾಗೆ ಮಾಡಿತು. ‘ನ್ಯೂ 52’ ಅಂತ ಹೆಸರಿಟ್ಟು ಒಟ್ಟು 52 ಪತ್ರಿಕೆಗಳನ್ನು ಒಂದನೇ ಸಂಚಿಕೆಯಿಂದ ಹೊರಡಿಸಿತು. 1938ರಲ್ಲಿ ಸೂಪರ್‌ಮ್ಯಾನ್‌ನನ್ನು ಜಗತ್ತಿಗೆ ತೋರಿಸಿದ ‘ಆ್ಯಕ್ಷನ್ ಕಾಮಿಕ್ಸ್’ ಅಷ್ಟೊತ್ತಿಗೆ 904ನೇ ಸಂಚಿಕೆಗೆ ಬಂದಿತ್ತು. ಮುಂದಿನದು 905 ಆಗಬೇಕು, ಅಲ್ವಾ? ಆಗಲಿಲ್ಲ. 1 ಆಯಿತು. 73 ವರ್ಷದ ಅಜ್ಜನಿಗೆ ಚೀಲ ಹಾಕಿ ಒಂದನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ.

ಇಂಥ ಮರುಹುಟ್ಟಿನ ಕಾಮಿಕ್ಸ್‌ಗೆ ಅಂಕ ಹಾಕಲು ಎರಡು ಕಾಲಂ ಸಾಕು ಅಂದುಕೊಂಡು ಕೂತೆ. ಬರವಣಿಗೆಗೊಂದು, ಚಿತ್ರಕ್ಕೊಂದು. ಸಾಲಲಿಲ್ಲ. ಮೂರನೇ ಕಾಲಂ ಎಳೆಯಬೇಕಾಯಿತು: ಚಡ್ಡಿ.

ಮೊದಲು ಬರವಣಿಗೆ. ಇಡೀ ರೀಬೂಟ್‌ಗೆ ನಾಂದಿ ಹಾಡಿದ್ದು ‘ಜಸ್ಟೀಸ್ ಲೀಗ್’ ಒಂದನೇ ಸಂಚಿಕೆ. ಮುಖಪುಟದಲ್ಲಿ ಏಳು ಜನ ವೀರರು ಎದೆಯುಬ್ಬಿಸಿ ನಿಂತಿದ್ದಾರೆ. ಒಳಗೆ ಹೋದರೆ ಬ್ಯಾಟ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್ ಜಗಳ ಆಡುತ್ತಿದ್ದಾರೆ. ಬ್ಯಾಟ್‌ಮ್ಯಾನ್ ಎದುರಿನವನಿಗೆ ಗೊತ್ತೇ ಆಗದ ಹಾಗೆ ಅವನ ಶಕ್ತಿಯುಂಗುರವನ್ನೇ ಬೆರಳಿನಿಂದ ಎಗರಿಸುತ್ತಾನೆ. ಆ ಜಾಗ ನಿಜಕ್ಕೂ ಚೆನ್ನಾಗಿದೆ, ಅಂಕ ಕೊಟ್ಟೆ. ಮುಂದೆ ಸೈಬೋರ್ಗ್ ಅನ್ನುವ ಅರ್ಧ ಯಂತ್ರದ ವೀರ ಆಗಬೇಕಾದ ಹುಡುಗ ಫುಟ್‌ಬಾಲ್ ಆಡಿಕೊಂಡಿದ್ದಾನೆ. ಕೊನೇ ಪುಟಕ್ಕೆ ಸೂಪರ್‌ಮ್ಯಾನ್ ಬರುತ್ತಾನೆ. ಅಷ್ಟರಲ್ಲಿ ಪುಸ್ತಕ ಮುಗಿಯಿತು. ಉಳಿದ ಮೂವರು? ಮುಖಪುಟದಲ್ಲೇ ಇದ್ದಾರೆ, ಸುಮ್ನೆ ಹುಡುಕಬೇಡಿ.

ಇನ್ನು ಲೆಕ್ಕ. ಹೊಸ ಕಥೆಯ ಪ್ರಕಾರ ಈ ವೀರರೆಲ್ಲ ಜನರ ಕಣ್ಣಿಗೆ ಬಿದ್ದು ಬರೀ ಐದು ವರ್ಷ. ಸರಿ, ಒಪ್ಪಿದೆ. ಆದರೆ ಬ್ಯಾಟ್‌ಮ್ಯಾನ್‌ನ ಹಳೇ ಕಥೆ ಚೆನ್ನಾಗಿ ಮಾರಾಟ ಆಗುತ್ತಿತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಹಾಗಾಗಿ ಅಷ್ಟು ಚಿಕ್ಕ ಅವಧಿಯಲ್ಲೇ ಅವನ ಹತ್ತಿರ ಸಹಾಯಕರಾಗಿ ನಾಲ್ಕು ಜನ ರಾಬಿನ್‌ಗಳು ಬಂದರು. ಒಬ್ಬ ದೊಡ್ಡವನಾಗಿ ಬೇರೆ ಮನೆ ಮಾಡಿದ. ಇನ್ನೊಬ್ಬ ಸತ್ತು, ಎದ್ದು ಬಂದು, ಸಿಟ್ಟು ಮಾಡಿಕೊಂಡ. ಮೂರನೆಯವನಾದ ಮೇಲೆ ನಾಲ್ಕನೆಯವನು ಸ್ವಂತ ಮಗ. ಅವನಿಗೆ ಹತ್ತು ವರ್ಷ! ಅಪ್ಪನ ಕಸುಬಿಗಿಂತ ಮಗನಿಗೇ ವಯಸ್ಸು ಜಾಸ್ತಿ. ಸರಾಸರಿ ಹದಿನೈದು ತಿಂಗಳಿಗೊಬ್ಬ ಸಹಾಯಕ. ಇಷ್ಟು ಬೇಗ ಆಳು ಬದಲಾಗುವ ಕಡೆ ಯಾರಾದರೂ ಕೆಲಸಕ್ಕೆ ಸೇರುತ್ತಾರಾ? ಸೂಪರ್‌ಮ್ಯಾನ್ ಪಾಪ, ಅಷ್ಟು ಅದೃಷ್ಟ ಮಾಡಿರಲಿಲ್ಲ. 1996ರಲ್ಲಿ ಪ್ರೇಯಸಿ ಲೋಯಿಸ್ ಜೊತೆ ಆಗಿದ್ದ ಮದುವೆ ಅಳಿಸಿಹೋಯಿತು. ಜಗಳ ಇಲ್ಲ, ವಿಚ್ಛೇದನ ಇಲ್ಲ. ಆಗಿಯೇ ಇರಲಿಲ್ಲ ಅಷ್ಟೇ.

ಚಿತ್ರಕ್ಕೆ ಬರೋಣ. ಗೆರೆಯಲ್ಲಿ ಕೈಚಳಕ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತೊಂದರೆ ಇರುವುದು ಎಲ್ಲರೂ ಹಲ್ಲು ಕಚ್ಚಿಕೊಂಡಿರುವುದರಲ್ಲಿ. ಕಟ್ಟಡ ಬಿದ್ದರೂ ಅದೇ ಹಲ್ಲು, ದಾರಿ ಕೇಳಿದರೂ ಅದೇ ಹಲ್ಲು. ಮುಖವಾಡ ತೆಗೆಸಿ ಸಾಲಾಗಿ ನಿಲ್ಲಿಸಿದರೆ ಎಲ್ಲರೂ ಒಂದೇ ತಾಯಿಯ ಮಕ್ಕಳು. ಹೊಸ ಸೂಪರ್‌ಮ್ಯಾನ್‌ನ ಬಟ್ಟೆಯನ್ನು ಹತ್ತಿರದಿಂದ ನೋಡಿ. ಕತ್ತಿಗೆ ನೆಟ್ಟಗಿನ ಕಾಲರ್. ಎದೆ, ಪಕ್ಕೆ, ತೋಳು, ತೊಡೆ, ಎಲ್ಲೆಲ್ಲೂ ಹೊಲಿಗೆಯಂಥ ಗೆರೆ. ಅದು ಬಟ್ಟೆಯಲ್ಲ, ಯುದ್ಧಕವಚವಂತೆ. ಗುಂಡು ಹೊಡೆದರೆ ಗುಂಡೇ ನಜ್ಜುಗುಜ್ಜಾಗುವ ಮೈಗೆ ಕವಚ! ಮೀನಿಗೆ ರೇನ್‌ಕೋಟ್ ತೊಡಿಸಿದ ಹಾಗೆ.

ಆ ಕವಚದ ಗಲಾಟೆಯಲ್ಲಿ ಹೋಗಿದ್ದೇ ಪ್ಯಾಂಟಿನ ಮೇಲಿನ ಕೆಂಪು ಚಡ್ಡಿ. ಅಷ್ಟಕ್ಕೇ ಅಭಿಮಾನಿಗಳ ಎದೆ ಒಡೆಯಿತು. ಮದುವೆ ಹೋದದ್ದಕ್ಕಿಂತ ಚಡ್ಡಿ ಹೋದದ್ದೇ ದೊಡ್ಡ ಚರ್ಚೆ. ಒಂದು ಪಕ್ಷ ಅಂದಿತು: ಚಡ್ಡಿ ಇಲ್ಲದೆ ಅವನು ಸೂಪರ್‌ಮ್ಯಾನೇ ಅಲ್ಲ. ಇನ್ನೊಂದು ಅಂದಿತು: ಈ ಕಾಲದಲ್ಲಿ ಯಾರು ಸ್ವಾಮಿ ಚಡ್ಡಿಯನ್ನು ಹೊರಗೆ ಹಾಕುತ್ತಾರೆ? ಮನುಷ್ಯ ಹಾರುವುದರ ಬಗ್ಗೆ ಮಾತ್ರ ಎರಡೂ ಪಕ್ಷಕ್ಕೆ ತಕರಾರಿಲ್ಲ.

2016ಕ್ಕೆ ಇನ್ನೊಂದು ಮರುಹುಟ್ಟು. ಹೆಸರೇ ‘ರೀಬರ್ತ್’. ‘ಆ್ಯಕ್ಷನ್ ಕಾಮಿಕ್ಸ್’ ಹೊಸ ಲೆಕ್ಕದಲ್ಲಿ 52 ಸಂಚಿಕೆ ಮುಗಿಸಿತ್ತು. ಯಾರೋ ಕೂಡಿಸಿ ನೋಡಿರಬೇಕು. 904ಕ್ಕೆ 52 ಸೇರಿಸಿದರೆ 956. ಸಾವಿರ ಎಷ್ಟು ಹತ್ತಿರ! ಒಂದನೇ ಕ್ಲಾಸಿನ ಅಜ್ಜನನ್ನು ಬೆಂಚಿನಿಂದ ಎಬ್ಬಿಸಿ, ಮುಂದಿನ ಸಂಚಿಕೆಗೆ 957 ಅಂತ ಹಾಕಿದರು. ತಿಂಗಳಿಗೆ ಎರಡರಂತೆ ಓಡಿಸಿದರು. 2018ರ ಏಪ್ರಿಲ್‌ನಲ್ಲಿ ಸಾವಿರ ಮುಟ್ಟಿತು. ಸಣ್ಣ ಸಂಖ್ಯೆ ಇದ್ದರೆ ಮಾರಾಟ, ದೊಡ್ಡ ಸಂಖ್ಯೆ ಇದ್ದರೂ ಮಾರಾಟ. ನಡುವಿನ ಸಂಖ್ಯೆಗಳದ್ದೇ ಗೋಳು.

ಆ ಸಾವಿರದ ಸಂಚಿಕೆಯ ದೊಡ್ಡ ಸುದ್ದಿ ಏನು ಗೊತ್ತಾ? ಕೆಂಪು ಚಡ್ಡಿ ವಾಪಸ್. ಏಳು ವರ್ಷ ಎಲ್ಲಿ ಒಣಗಲು ಹಾಕಿದ್ದರೋ, ಬಣ್ಣ ಒಂಚೂರೂ ಮಾಸಿಲ್ಲ.

ಅಂಕಪಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ. ಬರವಣಿಗೆಯ ಕಾಲಂನಲ್ಲಿ ಆ ಉಂಗುರದ ಜಾಗಕ್ಕೆ ಕೊಟ್ಟ ಎರಡು ಅಂಕ ಇದೆ. ಚಿತ್ರದ ಕಾಲಂನಲ್ಲಿ ಐದು ಬರೆದು, ಆ ಹಲ್ಲುಗಳನ್ನು ನೆನೆದು ನಾಲ್ಕು ಮಾಡಿದೆ. ಮೂರನೆಯದರಲ್ಲಿ ಹತ್ತಕ್ಕೆ ಹತ್ತು. ಪೆನ್ಸಿಲ್‌ನಲ್ಲೇ ಬರೆದಿದ್ದೇನೆ, ಯಾವಾಗ ಮತ್ತೆ ಬಿಚ್ಚಿಸುತ್ತಾರೋ ಗೊತ್ತಿಲ್ಲ.