ಮಗು ಹೋದರೂ ಬಸ್ಸು ಓಡಲೇಬೇಕಲ್ಲ

ಮಗು ಊರಿನ ಶಾಲೆ ಬಿಟ್ಟು ಚಾರ್ಟರ್ ಶಾಲೆಗೆ (ಸರ್ಕಾರಿ ದುಡ್ಡಿನಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ) ಹೋದರೆ ಅದರ ಪಾಲಿನ ದುಡ್ಡೂ ಜೊತೆಗೆ ಹೋಗಬೇಕು, ಇದರಲ್ಲಿ ಅನ್ಯಾಯ ಏನಿದೆ ಅಂತ ಚಾರ್ಟರ್ ಶಾಲೆಗಳ ಬಗ್ಗೆ ಬರೆದ ಲೇಖಕರೊಬ್ಬರು ಕೇಳಿದ್ದಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಇಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಲೆಕ್ಕ ಅಷ್ಟು ಸಲೀಸಲ್ಲ. ಊರಿಂದ ಇಪ್ಪತ್ತು ಮಕ್ಕಳು ಹೋದರು ಅಂದುಕೊಳ್ಳಿ, ಅವರೆಲ್ಲ ಒಂದೇ ತರಗತಿಯವರಲ್ಲ, ಇದರಲ್ಲಿ ಇಬ್ಬರು, ಅದರಲ್ಲಿ ಮೂವರು, ಹಾಗಾಗಿ ಟೀಚರ್ ಅಷ್ಟೇ ಬೇಕು, ಬಸ್ಸು ಅಷ್ಟೇ ಓಡಬೇಕು, ಚಳಿಗಾಲದ ಹೀಟಿಂಗ್ ಬಿಲ್ಲೂ ಅಷ್ಟೇ. ಆದರೆ ಊರಿಗೆ ಬರುವ ರಾಜ್ಯದ ಅನುದಾನದಲ್ಲಿ ಆ ಮಕ್ಕಳ ಟ್ಯೂಷನ್, ಅಂದರೆ ಚಾರ್ಟರ್ ಶಾಲೆಗೆ ಸಲ್ಲುವ ಅವರ ಪಾಲಿನ ದುಡ್ಡು, ಕಡಿತ ಆಗಿರುತ್ತದೆ.

ಊರಿಗೆ ರಾಜ್ಯದವರು ಪರಿಹಾರ ಕೊಡ್ತಾರಲ್ಲ ಅನ್ನಬಹುದು. ಕೊಡುತ್ತಾರೆ. 2019ರ ಕಾನೂನಿನಂತೆ, ಟ್ಯೂಷನ್ ಎಷ್ಟು ಹೆಚ್ಚಾಯಿತೋ ಅದರಲ್ಲಿ ಮೊದಲ ವರ್ಷ ಶೇ. 100, ಎರಡನೇ ವರ್ಷ 60, ಮೂರನೇ ವರ್ಷ 40. ಆಮೇಲೆ ಏನೂ ಇಲ್ಲ. ಸರಿ, ಊರೇ ತೆರಿಗೆ ಏರಿಸಲಿ ಅಂದರೆ, ಹೊಸ ಕಟ್ಟಡಗಳದ್ದು ಬಿಟ್ಟರೆ, ಮತದಾರರನ್ನು ಕೇಳದೆ ಆಸ್ತಿ ತೆರಿಗೆಯ ಮಿತಿ ವರ್ಷಕ್ಕೆ ಶೇ. 2.5ಕ್ಕಿಂತ ಜಾಸ್ತಿ ಏರಿಸುವಂತಿಲ್ಲ! ಕೊನೆಗೆ ಕತ್ತರಿ ಬೀಳುವುದು ಸಂಗೀತಕ್ಕೆ, ಲೈಬ್ರರಿಗೆ. 2016ರಲ್ಲಿ ಚಾರ್ಟರ್ ಶಾಲೆ ಹೆಚ್ಚಿಸುವ ಪ್ರಶ್ನೆ ಮತಕ್ಕೆ ಬಂದಾಗ ಸುಮಾರು ಶೇ. 62 ಜನ ಬೇಡ ಅಂದದ್ದು ಸುಮ್ನೆ ಅಲ್ಲ.

ನಾನು ಚಾರ್ಟರ್ ವಿರೋಧಿ ಅಲ್ಲ, ಪಕ್ಕದ ಮನೆಯ ಹುಡುಗಿ ಅಲ್ಲೇ ಓದುತ್ತಾಳೆ, ಚೆನ್ನಾಗೇ ಓದುತ್ತಾಳೆ. ಆದರೆ ಅನುಮತಿ ಕೊಡುವುದು ರಾಜ್ಯ ತಾನೆ? ಹಾಗಿದ್ದರೆ ಆ ದುಡ್ಡನ್ನೂ ಊರಿನ ಪಾಲಿನಿಂದ ಕಿತ್ತುಕೊಳ್ಳದೆ ತನ್ನ ಬೊಕ್ಕಸದಿಂದಲೇ ಕೊಡಲಿ.