ಸಲಾಡ್ ಡಬ್ಬಿಯೊಳಗಿನ ಪುಟ್ಟ ಪೊಟ್ಟಣ

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ಅಮ್ಮನಿಗೆ ರಾತ್ರಿಯೂಟಕ್ಕೆ ಹಗುರವಾಗಲಿ ಎಂದು ಕಳೆದ ತಿಂಗಳು ಒಂದು ಸಲಾಡ್ ಡಬ್ಬಿ ತಂದೆ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ಆಲಿವ್ ಎಣ್ಣೆಯ ಡ್ರೆಸಿಂಗ್’ ಎಂದಿತ್ತು. ಒಳಗಿದ್ದ ಡ್ರೆಸಿಂಗ್ ಪೊಟ್ಟಣವನ್ನು ದೀಪದ ಬೆಳಕಿಗೆ ಹಿಡಿದು ಓದಿದರೆ ಮೊದಲು ರಿಫೈನ್ಡ್ ಸೋಯಾ ಎಣ್ಣೆ, ನಂತರ ನೀರು, ಸಕ್ಕರೆ, ವಿನೆಗರ್, ಉಪ್ಪು; ಆಲಿವ್ ಎಣ್ಣೆಯ ಹೆಸರು ಬಂದದ್ದು ಇವೆಲ್ಲ ಮುಗಿದ ಮೇಲೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಎಂದರೆ ಆ ಪೊಟ್ಟಣದಲ್ಲಿ ಆಲಿವ್ ಎಣ್ಣೆ ಉಪ್ಪಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು.

ಇನ್ನು ಅಂಕಿಗಳ ವಿಷಯ. ಕೋಷ್ಟಕದಲ್ಲಿ 100 ಗ್ರಾಂಗೆ 320 ಮಿಲಿಗ್ರಾಂ ಸೋಡಿಯಂ ಎಂದಿತ್ತು, ನೋಡಿದ ಕೂಡಲೇ ಅದು ದೊಡ್ಡದೆನಿಸುವುದಿಲ್ಲ. ಆದರೆ ಡಬ್ಬಿಯ ತೂಕ 250 ಗ್ರಾಂ, ಅದನ್ನು ಅರ್ಧ ತಿಂದು ಎತ್ತಿಡುವವರು ಯಾರೂ ಇಲ್ಲ. ಹಾಗಾಗಿ ಹೊಟ್ಟೆ ಸೇರುವುದು 800 ಮಿಲಿಗ್ರಾಂ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: ಎರಡು ಗ್ರಾಂ. ದಿನವೊಂದಕ್ಕೆ ಐದು ಗ್ರಾಂ ಉಪ್ಪಿನ ಮಿತಿ ಇರುವಾಗ, ‘ಹಗುರ’ವೆಂದು ತಂದ ಒಂದು ಡಬ್ಬಿಯಲ್ಲೇ ಅದರ ಶೇಕಡಾ 40ರಷ್ಟು ಮುಗಿದುಹೋಗುತ್ತದೆ.

ಪಟ್ಟಿಯ ಕೊನೆಯಲ್ಲಿದ್ದ 415 ಮತ್ತು 211 ಎಂಬ ಸಂಖ್ಯೆಗಳಿಗೆ ಹೆದರಬೇಕಿಲ್ಲ. ಮೊದಲನೆಯದು ಡ್ರೆಸಿಂಗನ್ನು ಮಂದವಾಗಿಸುವ ಕ್ಸಾಂಥನ್ ಗಮ್, ಎರಡನೆಯದು ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್. ಎರಡೂ ನಿಗದಿತ ಮಿತಿಯೊಳಗೆ ಅನುಮತಿ ಪಡೆದವು.

ಎಣ್ಣೆಯೇ ಬೇಡವೆಂದೂ ನಾನು ಹೇಳುತ್ತಿಲ್ಲ. ಕ್ಯಾರೆಟ್ಟಿನ ಕೆರೋಟಿನ್, ಸೊಪ್ಪಿನ ಕೆ ಜೀವಸತ್ವ ಮೈಗೆ ಹತ್ತಬೇಕಾದರೆ ಸ್ವಲ್ಪ ಕೊಬ್ಬು ಜೊತೆಗಿರಬೇಕು. ನಮ್ಮ ಕೋಸಂಬರಿಯ ತೆಂಗಿನ ತುರಿ ಮತ್ತು ಒಗ್ಗರಣೆ ಆ ಕೆಲಸವನ್ನು ಮಾಡುತ್ತಲೇ ಬಂದಿವೆ. ಅದರಲ್ಲಿ ನೆನೆಸಿದ ಹೆಸರುಬೇಳೆಯ ಪ್ರೋಟೀನ್ ಕೂಡ ಇದೆ. ಡಬ್ಬಿಯ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಐಸ್‌ಬರ್ಗ್ ಲೆಟ್ಯೂಸ್ ಬಹುಪಾಲು ನೀರು. ಕಡಲೆಕಾಳಿನ ಹೆಸರು ಐದನೆಯದಾಗಿತ್ತು, ಎಣಿಸಿದರೆ ಸಿಕ್ಕಿದ್ದು ಒಂಬತ್ತು ಕಾಳು.

ಆ ರಾತ್ರಿ ಪೊಟ್ಟಣವನ್ನು ಒಡೆಯದೆ ಪಕ್ಕಕ್ಕಿಟ್ಟು, ತರಕಾರಿಗೆ ಅರ್ಧ ಹೋಳು ನಿಂಬೆ ಹಿಂಡಿ, ಮೇಲೆ ಒಂದು ಹಿಡಿ ಕಾಯಿತುರಿ ಉದುರಿಸಿ ಕೊಟ್ಟೆ. ಅಮ್ಮ ಉಪ್ಪು ಕೇಳಲಿಲ್ಲ.